ಕಟ್ಟಡ ಕೆಲಸದ ಬಾಕಿ ಹಣಕ್ಕೆ ಲೀಗಲ್ ನೋಟಿಸ್: ಯಾವ ಗಡುವು ಶುರು, ಯಾವುದು ನಿಲ್ಲದು?

ಕಾನೂನು ಓದುವವರಿಗೂ ಸಿವಿಲ್ ಡಿಪ್ಲೊಮಾ ಮಾಡುವವರಿಗೂ ಉಪಯೋಗವಾಗಲಿ ಎಂದು ಈ ಟಿಪ್ಪಣಿ. ಸೆಂಟ್ರಿಂಗ್, ಪ್ಲಂಬಿಂಗ್ ಅಥವಾ ಗಾರೆ ಕೆಲಸ ಮುಗಿದಿದೆ. ಬಿಲ್ ಕೊಟ್ಟಾಗಿದೆ. ಹಣ ಬಂದಿಲ್ಲ. ಆಗ ಎಲ್ಲರೂ ಹೇಳುವುದು, "ಒಂದು ಲೀಗಲ್ ನೋಟಿಸ್ ಕಳಿಸಿ". ಆದರೆ ನಮ್ಮ ದೇಶದಲ್ಲಿ ಇದಕ್ಕೆಂದೇ ಇರುವ ಒಂದು ನೋಟಿಸ್ ಇಲ್ಲ. ಬೇರೆ ಬೇರೆ ಕಾಯ್ದೆಗಳಲ್ಲಿ ಬೇರೆ ಬೇರೆ ನೋಟಿಸ್‌ಗಳಿವೆ. ಸೆಕ್ಷನ್ ನಂಬರ್ ಬಾಯಿಪಾಠ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ನೋಟಿಸ್‌ನಿಂದ ಯಾವ ಗಡುವು ಶುರುವಾಗುತ್ತದೆ? ಕೇಸ್ ಹಾಕಲು ಇರುವ ಕಾಲಮಿತಿ ನಿಲ್ಲುತ್ತದೋ, ಓಡುತ್ತಲೇ ಇರುತ್ತದೋ?

ಅಮೆರಿಕದ ವಿಡಿಯೊ ನೋಡಿ ಓದುವವರಿಗೆ ಇಲ್ಲಿ ಗೊಂದಲ ಆಗುತ್ತದೆ. ಅಲ್ಲಿ ಕೆಲಸ ಮಾಡಿದವರಿಗೆ ಆ ಕಟ್ಟಡ ಮತ್ತು ಜಾಗದ ಮೇಲೆಯೇ ಹಕ್ಕು ಕೊಡುವ 'ಮೆಕ್ಯಾನಿಕ್ಸ್ ಲೀನ್' ಇದೆ. ವಾಷಿಂಗ್ಟನ್ ನಗರ ಕಟ್ಟುವ ಹೊತ್ತಿನಲ್ಲಿ, 1791ರಲ್ಲಿ, ಮೇರಿಲ್ಯಾಂಡ್ ರಾಜ್ಯ ಮೊದಲು ಅಂಥ ಕಾನೂನು ಮಾಡಿತು. ನಮ್ಮಲ್ಲಿ ಅದಿಲ್ಲ. ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 170ರ ಲೀನ್ ಕೈಯಲ್ಲಿರುವ ಸರಕಿಗೆ ಮಾತ್ರ, ಕಟ್ಟಡಕ್ಕಲ್ಲ. ನೋಟಿಸ್ ಕಳಿಸಿದ ಮಾತ್ರಕ್ಕೆ ಮಾಲೀಕರು ಫ್ಲ್ಯಾಟ್ ಮಾರುವುದು ನಿಲ್ಲುವುದಿಲ್ಲ. ಸಬ್ ಕಂಟ್ರಾಕ್ಟರ್ ಸಾಮಾನ್ಯವಾಗಿ ನೋಟಿಸ್ ಕೊಡಬೇಕಾದ್ದು ತನ್ನ ಜೊತೆ ಒಪ್ಪಂದ ಮಾಡಿಕೊಂಡ ಮುಖ್ಯ ಕಂಟ್ರಾಕ್ಟರ್‌ಗೆ. ಮಾಲೀಕರಿಗೆ ಒಂದು ಪ್ರತಿ ಕಳಿಸಬಹುದು, ಆದರೆ ಅದರಿಂದ ಅವರು ಸಾಲಗಾರರಾಗುವುದಿಲ್ಲ.

ಕಾಲಮಿತಿ: ಇಲ್ಲಿ ನಿಧಾನವಾಗಿ ಓದಿ

1963ರ ಕಾಲಮಿತಿ ಕಾಯ್ದೆಯ ಆರ್ಟಿಕಲ್ 18 ಹೀಗಿದೆ: ಹಣ ಕೊಡಲು ದಿನ ನಿಗದಿ ಆಗಿಲ್ಲದಿದ್ದರೆ, ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಕೆಲಸ ಮುಗಿದ ದಿನದಿಂದ 3 ವರ್ಷ. ಬಿಲ್ ಕೊಟ್ಟ ದಿನದಿಂದ ಅಲ್ಲ, ನೋಟಿಸ್ ಕೊಟ್ಟ ದಿನದಿಂದಲೂ ಅಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಒಬ್ಬ ಪ್ಲಂಬಿಂಗ್ ಸಬ್ ಕಂಟ್ರಾಕ್ಟರ್ 2022ರ ಆಗಸ್ಟ್ 12ಕ್ಕೆ ಕೆಲಸ ಮುಗಿಸಿದರು. ಬಾಕಿ 6 ಲಕ್ಷ ರೂಪಾಯಿ. "ಮುಂದಿನ ತಿಂಗಳು ಕೊಡ್ತೀವಿ" ಎಂಬ ಮಾತನ್ನೇ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾ ಹೋದರು. 2025ರ ಜುಲೈನಲ್ಲಿ ವಕೀಲರ ಮೂಲಕ ನೋಟಿಸ್ ಕೊಟ್ಟು, ಉತ್ತರಕ್ಕೆಂದು ಸೆಪ್ಟೆಂಬರ್‌ವರೆಗೆ ಕಾದರು. ಅಷ್ಟರಲ್ಲಿ ಆಗಸ್ಟ್ 12 ದಾಟಿಹೋಯಿತು. ದಾವೆ ಹೂಡುವ ಹಕ್ಕೂ ಹೋಯಿತು. ಸಾಧಾರಣ ಲೀಗಲ್ ನೋಟಿಸ್ ಕಾಲಮಿತಿಯನ್ನು ಒಂದು ದಿನವೂ ನಿಲ್ಲಿಸುವುದಿಲ್ಲ. ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇಲ್ಲ ಎಂದು ನನ್ನ ಅಭಿಪ್ರಾಯ. ಕೆಲಸ ಮಾಡಿದವರು ಹಣ ಕಳೆದುಕೊಳ್ಳುವುದು ಸಾಕ್ಷಿ ಇಲ್ಲದೆ ಮಾತ್ರವಲ್ಲ, ಹೀಗೆ ಕಾಯುತ್ತಾ ಕೂತೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಕಾಲಮಿತಿ ಹೊಸದಾಗಿ ಶುರುವಾಗುವುದು ಯಾವಾಗ? ಅದೇ ಕಾಲಮಿತಿ ಕಾಯ್ದೆಯ ಸೆಕ್ಷನ್ 18ರಂತೆ (ಮೇಲಿನ ಆರ್ಟಿಕಲ್ 18 ಬೇರೆ), 3 ವರ್ಷ ಮುಗಿಯುವ ಮೊದಲೇ ಎದುರಿನವರು ಬಾಕಿ ಇದೆ ಎಂದು ಬರೆದು ಸಹಿ ಮಾಡಿದರೆ, ಸಹಿ ಹಾಕಿದ ದಿನದಿಂದ ಮತ್ತೆ ಎಣಿಕೆ. ಸೆಕ್ಷನ್ 19ರಂತೆ, ಸ್ವಲ್ಪ ಹಣ ಕೊಟ್ಟಿದ್ದು ಅವರ ಕೈಬರಹದಲ್ಲೋ ಸಹಿಯಲ್ಲೋ ದಾಖಲಾಗಿದ್ದರೆ ಆ ದಿನದಿಂದ ಹೊಸ ಎಣಿಕೆ. ನಮ್ಮ ಉದಾಹರಣೆಯಲ್ಲಿ 2024ರ ಜನವರಿಯಲ್ಲಿ ಸಹಿ ಮಾಡಿದ ಚೆಕ್‌ನಿಂದ 20,000 ರೂಪಾಯಿ ಬಂದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು, ಅಲ್ವಾ? ನೋಟಿಸ್ ಬೇಗ ಕಳಿಸುವುದರ ದೊಡ್ಡ ಲಾಭವೂ ಇಲ್ಲೇ ಇದೆ. "ಬಾಕಿ ಇರುವುದು ನಿಜ, ಕ್ಲೈಂಟ್‌ನಿಂದ ಬಂದ ಮೇಲೆ ಕೊಡುತ್ತೇವೆ" ಎಂದು ಅವರು ಸಹಿ ಮಾಡಿ ಉತ್ತರ ಕೊಟ್ಟರೆ, ಆ ಉತ್ತರವೇ ಸೆಕ್ಷನ್ 18ರ ಒಪ್ಪಿಗೆ ಆಗಬಹುದು.

ಕಾಲಮಿತಿಯನ್ನು ನಿಜವಾಗಿ ತಡೆಯುವ ನೋಟಿಸ್ ಒಂದಿದೆ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು (ವಿವಾದವನ್ನು ಕೋರ್ಟ್ ಬದಲು ಆರ್ಬಿಟ್ರೇಟರ್ ತೀರ್ಮಾನಿಸಬೇಕು ಎಂಬ ಷರತ್ತು) ಇದ್ದರೆ, 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 21ರ ಪ್ರಕಾರ, ವಿವಾದವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸಬೇಕೆಂಬ ನೋಟಿಸ್ ಎದುರಿನವರಿಗೆ ತಲುಪಿದ ದಿನವೇ ಪ್ರಕ್ರಿಯೆ ಶುರು. ಕಳಿಸಿದ ದಿನ ಅಲ್ಲ, ತಲುಪಿದ ದಿನ. ಬೇರೆ ಬಗೆಯ ಗಡುವು ಒಪ್ಪಂದದಲ್ಲಿ ಇಲ್ಲದಿದ್ದರೆ ಇದೇ ನಿಯಮ. ಸುಮ್ನೆ ಹಣ ಕೇಳಿದ ಪತ್ರ ಇದಕ್ಕೆ ಸಾಲದು. ಆರ್ಬಿಟ್ರೇಷನ್ ಕೋರುತ್ತಿದ್ದೇವೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಹಾಗಾಗಿ ಒಪ್ಪಂದದ ಕೊನೆಯ ಪುಟಗಳನ್ನು ಮೊದಲು ಓದಿ.

ಆರ್ಬಿಟ್ರೇಷನ್ ಷರತ್ತು ಇಲ್ಲವೆಂದುಕೊಳ್ಳಿ. ನಿರ್ಮಾಣ ಒಪ್ಪಂದದ ವಿವಾದ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು 2015ರ ಕಮರ್ಷಿಯಲ್ ಕೋರ್ಟ್ ಕಾಯ್ದೆಗೆ ಬರುತ್ತದೆ. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ಸೆಕ್ಷನ್ 12ಎ ಪ್ರಕಾರ ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಷನ್, ಅಂದರೆ ಮಾತುಕತೆಯಲ್ಲಿ ರಾಜಿ) ಅರ್ಜಿ ಹಾಕಲೇಬೇಕು. ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಹೇಳಿತು. ಮಧ್ಯಸ್ಥಿಕೆಯಲ್ಲಿ ಕಳೆದ ಸಮಯ ಕಾಲಮಿತಿಯಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಪ್ಲಂಬಿಂಗ್ ಉದಾಹರಣೆಗೆ ಜುಲೈನಲ್ಲಿ ಬೇಕಿದ್ದದ್ದು ಈ ಅರ್ಜಿ.

ಸರ್ಕಾರಿ ಕೆಲಸ

ಲೋಕೋಪಯೋಗಿ ಇಲಾಖೆಯಂಥ ಸರ್ಕಾರಿ ಇಲಾಖೆಯ ಮೇಲೆ ದಾವೆ ಹೂಡಬೇಕಾದರೆ ಸಿವಿಲ್ ಪ್ರೊಸೀಜರ್ ಕೋಡ್ ಸೆಕ್ಷನ್ 80ರ ನೋಟಿಸ್ ಬೇಕು. ರಾಜ್ಯ ಸರ್ಕಾರವಾದರೆ ಅದನ್ನು ಸರ್ಕಾರದ ಕಾರ್ಯದರ್ಶಿಗೋ ಜಿಲ್ಲಾಧಿಕಾರಿಗೋ ತಲುಪಿಸಬೇಕು, ಸೈಟ್ ಎಂಜಿನಿಯರ್‌ಗಲ್ಲ. ರೈಲ್ವೆಯಾದರೆ ಜನರಲ್ ಮ್ಯಾನೇಜರ್‌ಗೆ. 2 ತಿಂಗಳು ಕಾಯಬೇಕು. ತುರ್ತು ಇದ್ದರೆ ಕೋರ್ಟ್ ಅನುಮತಿ ಪಡೆದು ನೋಟಿಸ್ ಇಲ್ಲದೆ ಹೋಗಬಹುದು. ಅನುಮತಿ ಇಲ್ಲದೆ, 2 ತಿಂಗಳು ತುಂಬುವ ಮೊದಲೇ ಹೂಡಿದ ದಾವೆ ನಿಲ್ಲುವುದಿಲ್ಲ ಎಂದು 1984ರ ಬಿಹಾರಿ ಚೌಧರಿ ಪ್ರಕರಣದಲ್ಲಿ ತೀರ್ಪಾಗಿದೆ. ಸಮಾಧಾನದ ವಿಷಯ ಎಂದರೆ, ಕಾಲಮಿತಿ ಕಾಯ್ದೆಯ ಸೆಕ್ಷನ್ 15(2)ರಂತೆ ಈ ನೋಟಿಸ್ ಅವಧಿ 3 ವರ್ಷದ ಲೆಕ್ಕದಿಂದ ಹೊರಗೆ. ಮಹಾನಗರ ಪಾಲಿಕೆ, ನಿಗಮಗಳಿಗೆ ಸೆಕ್ಷನ್ 80 ಅನ್ವಯಿಸುವುದಿಲ್ಲ. ಅವುಗಳ ಕಾಯ್ದೆಯಲ್ಲೇ ಬೇರೆ ನೋಟಿಸ್ ಇದೆಯೇ ಎಂದು ನೋಡಿ.

ಉಳಿದ ಮೂರು ದಾರಿ

ಬಿಲ್‌ಗೆ ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಎದುರಿನವರಿಗೆ 15 ದಿನ, ನಂತರ ದೂರು ಕೊಡಲು 1 ತಿಂಗಳು. ಚೆಕ್ ಮೊತ್ತವನ್ನು ಬಡ್ಡಿ, ಖರ್ಚಿನ ಜೊತೆ ಕಲಸದೆ ಪ್ರತ್ಯೇಕವಾಗಿ ಕೇಳಿ.

ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಎಂದು ನೋಂದಣಿ ಆಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ) ಇದೆ. ಒಪ್ಪಂದ ಏನೇ ಹೇಳಲಿ, ಮಾಡಿದ ಕೆಲಸವನ್ನು ಎದುರಿನವರು ಸ್ವೀಕರಿಸಿದ 45 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೇಳಲು ಸೊಗಸಾಗಿದೆ. ಆದರೆ ಸಿವಿಲ್ ವರ್ಕ್ಸ್ ಕಾಂಟ್ರಾಕ್ಟ್‌ಗೆ ಇದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಹೈಕೋರ್ಟ್‌ಗಳು ಬೇರೆ ಬೇರೆ ತೀರ್ಪು ಕೊಟ್ಟಿವೆ. ಪರೀಕ್ಷೆಯಲ್ಲಿ ಎರಡೂ ಕಡೆ ಬರೆಯಿರಿ.

ಮೂರನೆಯದು, ಬಾಕಿ ಇಟ್ಟ ಕಂಪನಿಯ ಮೇಲೆ ದಿವಾಳಿ ಅರ್ಜಿ ಹಾಕುವುದು. ಅದಕ್ಕೆ ಮೊದಲು ಕೊಡುವ ದಿವಾಳಿ ಸಂಹಿತೆಯ ಸೆಕ್ಷನ್ 8ರ ಡಿಮ್ಯಾಂಡ್ ನೋಟಿಸ್‌ಗೆ 10 ದಿನದ ಗಡುವು. 2020ರ ಮಾರ್ಚ್‌ನಿಂದ 1 ಕೋಟಿ ರೂಪಾಯಿಗಿಂತ ಕಡಿಮೆ ಬಾಕಿಗೆ ಈ ದಾರಿ ಇಲ್ಲ. ಕೆಲಸದ ಗುಣಮಟ್ಟದ ಬಗ್ಗೆ ಮೊದಲೇ ನಿಜವಾದ ತಕರಾರು ಇದ್ದರೆ ಅರ್ಜಿ ಬಿದ್ದುಹೋಗುತ್ತದೆ. 2017ರ ಮೊಬಿಲಾಕ್ಸ್ ತೀರ್ಪು ಓದಿ.

ನೋಟಿಸ್‌ನಲ್ಲಿ ಏನಿರಬೇಕು

ವರ್ಕ್ ಆರ್ಡರ್ ದಿನಾಂಕ, ಕೆಲಸ ಮುಗಿದ ದಿನ, ಅಳತೆ ಪುಸ್ತಕದ ಪುಟ, ಯಾವ ಆರ್‌ಎ ಬಿಲ್‌ನಲ್ಲಿ (ಕೆಲಸ ನಡೆಯುತ್ತಿರುವಾಗ ಕೊಡುವ ರನ್ನಿಂಗ್ ಅಕೌಂಟ್ ಬಿಲ್) ಎಷ್ಟು ಬಂತು, ರಿಟೆನ್ಷನ್ ಹಣ (ಬಿಲ್‌ನಲ್ಲಿ ಭದ್ರತೆಗೆಂದು ತಡೆಹಿಡಿದ ಭಾಗ) ಎಷ್ಟು ಹಿಡಿದಿದ್ದಾರೆ, ಇಷ್ಟು ಸಾಕು. ಬೈಗುಳ ಬೇಡ. ಬಡ್ಡಿಯ ಸಾಲು ಮಾತ್ರ ಮರೆಯಬೇಡಿ. ಹಣ ಕೊಡುವ ದಿನ ಬರಹದಲ್ಲಿ ನಿಗದಿ ಆಗಿಲ್ಲದಿದ್ದರೆ, ದಾವೆಗೆ ಹಿಂದಿನ ಅವಧಿಯ ಬಡ್ಡಿಯನ್ನು 1978ರ ಬಡ್ಡಿ ಕಾಯ್ದೆಯ ಸೆಕ್ಷನ್ 3ರಲ್ಲಿ ಕೇಳಲು, ಇಂಥ ದಿನದಿಂದ ಬಡ್ಡಿ ಕೇಳುತ್ತೇವೆ ಎಂದು ಲಿಖಿತ ನೋಟಿಸ್ ಕೊಟ್ಟಿರಬೇಕು. ಆ ಒಂದು ಸಾಲಿಗೆ ವರ್ಷಗಳ ಬಡ್ಡಿಯ ಬೆಲೆ ಇದೆ.

ಬಾಯಿಮಾತಿನಲ್ಲಿ ಹೇಳಿಸಿಕೊಂಡ ಎಕ್ಸ್‌ಟ್ರಾ ಐಟಂಗಳನ್ನೂ ಬಿಡಬೇಡಿ. ಅವನ್ನು ಪ್ರತ್ಯೇಕ ಪ್ಯಾರಾದಲ್ಲಿ ಬರೆಯಿರಿ. ಯಾರು ಹೇಳಿದರು, ಯಾವಾಗ, ಈಗ ಅದನ್ನು ಬಳಸುತ್ತಿರುವವರು ಯಾರು ಎಂಬುದು ಅಲ್ಲಿರಲಿ. ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 70 ಪುಕ್ಕಟೆ ಅಲ್ಲದೆ ಮಾಡಿದ ಕೆಲಸದ ಲಾಭ ಉಂಡವರು ಪರಿಹಾರ ಕೊಡಬೇಕು ಎನ್ನುತ್ತದೆ. ಪಶ್ಚಿಮ ಬಂಗಾಳ ಸರ್ಕಾರಕ್ಕೆ ಗೋದಾಮು ಕಟ್ಟಿಕೊಟ್ಟ ಬಿ.ಕೆ. ಮಂಡಲ್ ಅಂಡ್ ಸನ್ಸ್ ಬಳಿ ಕಾನೂನಿನಂತೆ ಆದ ಒಪ್ಪಂದವೇ ಇರಲಿಲ್ಲ. ಆದರೂ 1962ರಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಮೇಲೆ ಅವರಿಗೆ ಹಣ ಸಲ್ಲಬೇಕು ಎಂದಿತು. ಸರ್ಕಾರ ಕೆಲಸವನ್ನು ಸ್ವೀಕರಿಸಿ ಬಳಸಿಕೊಂಡಿತ್ತು ಎಂಬುದೇ ಅಲ್ಲಿ ಮುಖ್ಯವಾಯಿತು. ಲಿಖಿತ ಆರ್ಡರ್ ಇಲ್ಲದ ಕೆಲಸದ ನೋಟಿಸ್ ಬರೆಯುವಾಗ ಸಾಬೀತು ಮಾಡಬೇಕಾದ್ದೂ ಅದನ್ನೇ.