ಸನ್ನೆಕೋಲಿನ ಸನ್ನೆ

ಕನ್ನಡದಲ್ಲಿ ಸನ್ನೆ ಎಂಬ ಮಾತಿಗೆ ಎರಡು ಅರ್ಥ. ಭಾರ ಎತ್ತಲು ಅಡಿಗೆ ಕೊಡುವ ಕೋಲೂ ಸನ್ನೆ, ಬಾಯಿ ಬಿಡದೆ ಕಣ್ಣಲ್ಲೋ ಕೈಯಲ್ಲೋ ತಿಳಿಸುವುದೂ ಸನ್ನೆ. ಮೇನ್ ಬೋರ್ಡಿನಲ್ಲಿ ಸಾಲಾಗಿ ಕೂತ ಎಂಸಿಬಿಗಳ, ಅಂದರೆ ಕರೆಂಟು ಮಿತಿಮೀರಿದಾಗ ತಾವಾಗಿ ಆರುವ ಸ್ವಿಚ್ಚುಗಳ, ಪುಟ್ಟ ಹಿಡಿಕೆ ಇವೆರಡೂ ಹೌದು. ಅದು ಬಿದ್ದಾಗ ಮಾತ್ರ ನಾವು ಮೊದಲ ಅರ್ಥವನ್ನಷ್ಟೇ ಹಿಡಿಯುತ್ತೇವೆ: ಟಾರ್ಚು ಹಿಡಿದು ಹೋಗಿ ಮೇಲಕ್ಕೆ ಎತ್ತುತ್ತೇವೆ. ಮತ್ತೆ ಬಿದ್ದರೆ ಮತ್ತೆ ಎತ್ತುತ್ತೇವೆ. ಮೂರನೇ ಸಲಕ್ಕೆ ‘ಇದೇ ಹಾಳಾಗಿದೆ, ಬೇರೆ ಹಾಕಿಸಬೇಕು’ ಎಂದು ತೀರ್ಮಾನ. ನಮ್ಮ ಗೀಸರಿನ ಎಂಸಿಬಿ ದಿನಾ ಬೆಳಿಗ್ಗೆ ಹದಿನೈದಿಪ್ಪತ್ತು ನಿಮಿಷಕ್ಕೆ ಬೀಳತೊಡಗಿದಾಗ ನಾನೂ ಹಾಗೇ ತೀರ್ಮಾನಿಸಿ ಬದಲಿಸಿಬಿಟ್ಟೆ. ಹೊಸದೂ ಬಿತ್ತು. ತೆಗೆದ ಹಳೆಯದು ಮೇಜಿನ ಮೇಲಿತ್ತಲ್ಲ, ಒಳಗೆ ಏನು ಕೆಟ್ಟಿದೆ ನೋಡೋಣವೆಂದು ಅದರ ರಿವೆಟ್ಟುಗಳನ್ನು ಕೊರೆದು ಬಿಚ್ಚಿದೆ.

ಕೆಟ್ಟಿದ್ದು ಏನೂ ಕಾಣಲಿಲ್ಲ. ಕಂಡದ್ದು ಬೇರೆ. ಕರೆಂಟು ಸಾಗುವ ಹಾದಿ ಒಂದೇ, ಆದರೆ ಆ ಹಾದಿಯಲ್ಲಿ ಎರಡು ಕಡೆ ತಪಾಸಣೆ. ಒಂದು ಕಡೆ ನಿಧಾನಿ, ಇನ್ನೊಂದು ಕಡೆ ಮುಂಗೋಪಿ.

ನಿಧಾನಿ ಎಂದರೆ ಒಂದು ಲೋಹದ ಪಟ್ಟಿ, ಬೆಂಕಿಕಡ್ಡಿಗಿಂತ ತುಸು ಅಗಲ. ಬೇರೆಬೇರೆ ಲೋಹದ ಎರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಬೆಸೆದು ಮಾಡಿದ್ದು. ಕಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಜೊತೆಯಾಗಿ ಬೆಸೆದುಕೊಂಡದ್ದರಿಂದ ಬೇರೆ ದಾರಿಯಿಲ್ಲದೆ ಪಟ್ಟಿಯೇ ಬಾಗುತ್ತದೆ. ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಯ ಹತ್ತಿರ ತಂದೆ. ಮೊದಲು ಏನೂ ಇಲ್ಲ. ಆಮೇಲೆ ತುದಿ ಮೆಲ್ಲಗೆ ಪಕ್ಕಕ್ಕೆ ವಾಲಿತು, ನಿದ್ದೆ ಬಂದವರ ತಲೆ ವಾಲುವ ಹಾಗೆ. ದೂರ ಸರಿಸಿದರೆ ಅಷ್ಟೇ ನಿಧಾನವಾಗಿ ನೆಟ್ಟಗಾಯಿತು. ಈ ತುದಿ ಒಂದು ಕೊಂಡಿಯನ್ನು ತಳ್ಳುತ್ತದೆ; ಕೊಂಡಿ ಜಾರಿದರೆ ಬಿಗಿದಿಟ್ಟ ಸ್ಪ್ರಿಂಗು ಬಿಟ್ಟುಕೊಂಡು ಸಂಪರ್ಕ ಬೇರೆಯಾಗುತ್ತದೆ.

ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಏನೆಂದರೆ, ಪಟ್ಟಿ ಅಳೆಯುವುದು ನೇರವಾಗಿ ಕರೆಂಟನ್ನಲ್ಲ. ಗೋಡೆಯೊಳಗೆ ಕಣ್ಣಿಗೆ ಕಾಣದೆ ಮಲಗಿರುವ ತಂತಿಯ ಬಿಸಿಯನ್ನು ಅದು ಇಲ್ಲಿ ಬೋರ್ಡಿನಲ್ಲಿ ಕೂತು ಅಭಿನಯಿಸುತ್ತಿರುತ್ತದೆ. ತಂತಿಯ ಮೂಲಕ ಹೋಗುವ ಕರೆಂಟೇ ಪಟ್ಟಿಯ ಮೂಲಕವೂ ಹೋಗುತ್ತದೆ. ಕರೆಂಟು ಇಮ್ಮಡಿಯಾದರೆ ಬಿಸಿ ನಾಲ್ಮಡಿ, ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ತಂತಿಯ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುವ ಮೊದಲೇ ಪಟ್ಟಿ ಬಾಗಿ ಮುಗಿದಿರಬೇಕು ಎಂಬುದೇ ಲೆಕ್ಕಾಚಾರ.

ಹಾಗಾಗಿ ‘16 ಆಂಪಿಯರ್’ ಎಂದು ಬರೆದ ಎಂಸಿಬಿ 16 ದಾಟಿದ ತಕ್ಷಣ ಬೀಳುತ್ತದೆ ಎಂದುಕೊಂಡರೆ ತಪ್ಪು. ಮನೆಬಳಕೆಯ ಎಂಸಿಬಿಗಳ ಅಂತಾರಾಷ್ಟ್ರೀಯ ಮಾನಕದ ಪ್ರಕಾರ, ಬರೆದದ್ದರ 1.13 ಪಟ್ಟು ಕರೆಂಟಿಗೆ ಅದು ಒಂದು ಗಂಟೆ ಬೀಳಕೂಡದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವಿನದು ಅದರ ಇಷ್ಟ. 230 ವೋಲ್ಟಿನ ಲೈನಿನಲ್ಲಿ 2000 ವಾಟಿನ ಹೀಟರು, 1500 ವಾಟಿನ ಕೆಟಲ್ಲು, 1000 ವಾಟಿನ ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಸುಮಾರು 19.6 ಆಂಪಿಯರ್, ಅಂದರೆ 1.22 ಪಟ್ಟು. ಬೀಳಬಹುದು, ಬೀಳದೆಯೂ ಇರಬಹುದು. ‘ನಿನ್ನೆ ಇಷ್ಟೇ ಹಾಕಿದ್ದೆ, ಏನೂ ಆಗಿರಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ನಡುವಿನ ಜಾಗವೇ. ಪಟ್ಟಿಯನ್ನು ಹದಗೊಳಿಸಿರುವುದು 30 ಡಿಗ್ರಿ ಸೆಲ್ಸಿಯಸ್ ವಾತಾವರಣಕ್ಕೆ. ಬಿಸಿಲಿಗೆ ಮೈಯೊಡ್ಡಿದ ಡಬ್ಬಿಯೊಳಗೆ, ಪಕ್ಕದ ಎಂಸಿಬಿಗಳೂ ಕಾದು ಕೂತಿದ್ದರೆ, ಅದು ಇನ್ನೂ ಬೇಗ ಬಾಗುತ್ತದೆ.

ಲೋಡು ಹೆಚ್ಚಾಗಿ ಬಿದ್ದದ್ದಕ್ಕೆ ಒಂದು ಒಳ್ಳೆಯ ಗುರುತಿದೆ. ಬಿದ್ದ ಕೂಡಲೇ ಎತ್ತಲು ಹೋದರೆ ಹಿಡಿಕೆ ನಿಲ್ಲುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ಎತ್ತಿದರೆ ನಿಲ್ಲುತ್ತದೆ. ಪಟ್ಟಿ ಆರಿ ನೆಟ್ಟಗಾಗಲು ಬೇಕಾದ ಹೊತ್ತದು.

ಇನ್ನು ಮುಂಗೋಪಿ. ದಪ್ಪ ತಾಮ್ರದ ತಂತಿಯ ಕೆಲವೇ ಸುತ್ತುಗಳ ಸುರುಳಿ, ಒಳಗೊಂದು ಕಬ್ಬಿಣದ ಕಡ್ಡಿ. ಕರೆಂಟು ತರುವ ಫೇಸೂ ಅದನ್ನು ಹಿಂದಿರುಗಿಸುವ ನ್ಯೂಟ್ರಲ್ಲೂ ಎಲ್ಲೋ ನೇರ ತಾಗಿ ಶಾರ್ಟ್ ಆಯಿತೆನ್ನಿ. ಹೋಗಿಬರುವ ತಂತಿಯ ಒಟ್ಟು ಪ್ರತಿರೋಧ ಅರ್ಧ ಓಮ್ ಇದ್ದರೆ 460 ಆಂಪಿಯರ್ ಹರಿಯುತ್ತದೆ. ಇಲ್ಲಿ ಪಟ್ಟಿ ಕಾಯಲಿ, ಬಾಗಲಿ ಎಂದು ಕಾದು ಕೂರಲಾಗದು. ಸುರುಳಿ ಆ ಕ್ಷಣಕ್ಕೆ ಬಲವಾದ ಅಯಸ್ಕಾಂತವಾಗಿ ಕಡ್ಡಿಯನ್ನು ಒಳಗೆಳೆಯುತ್ತದೆ. ಕಡ್ಡಿ ಕೊಂಡಿಗೆ ಗುದ್ದುತ್ತದೆ. ಎಲ್ಲ ಮುಗಿಯುವುದು ಒಂದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ. ಸ್ವಿಚ್ಚು ಒತ್ತಿದ ಕ್ಷಣವೇ ‘ಟಪ್’ ಎಂದು ಬಿದ್ದರೆ ಮಾತಾಡಿದ್ದು ಸುರುಳಿ; ಎಲ್ಲ ನೆಟ್ಟಗೆ ನಡೆಯುತ್ತಿದ್ದು ಹತ್ತಿಪ್ಪತ್ತು ನಿಮಿಷಕ್ಕೆ ಬಿದ್ದರೆ ಮಾತಾಡಿದ್ದು ಪಟ್ಟಿ.

ಆದರೆ ಮುಂಗೋಪಕ್ಕೂ ಒಂದು ಅಳತೆ ಬೇಕು. ಮೋಟಾರು ಶುರುವಾಗುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟನ್ನು ಒಂದು ಗಳಿಗೆ ಎಳೆದುಕೊಳ್ಳುತ್ತದೆ. ಅದು ದೋಷವಲ್ಲ, ಸ್ವಭಾವ. ಅದಕ್ಕೇ ಎಂಸಿಬಿಯ ಮೇಲೆ ಆಂಪಿಯರ್ ಸಂಖ್ಯೆಯ ಮುಂದೆ ಬಿ, ಸಿ ಅಥವಾ ಡಿ ಎಂಬ ಅಕ್ಷರ ಇರುವುದು. ಬಿ ಎಂದರೆ ಬರೆದ ಆಂಪಿಯರಿನ 3ರಿಂದ 5 ಪಟ್ಟಿನೊಳಗೆ ಸುರುಳಿ ಕೆರಳುತ್ತದೆ, ಸಿ ಎಂದರೆ 5ರಿಂದ 10, ಡಿ ಎಂದರೆ 10ರಿಂದ 20. ಪಂಪು ಹಾಕಿದಾಗಲೆಲ್ಲ ಬೀಳುತ್ತದೆಂದು ಬಿ ತೆಗೆದು ಡಿ ಹಾಕುವುದು ಸುಲಭ. ಅದರ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ತಂತಿ ಉದ್ದವಾಗಿ, ತೆಳ್ಳಗಿದ್ದು ಒಟ್ಟು ಪ್ರತಿರೋಧ 2 ಓಮ್ ಆಗಿದ್ದರೆ ದೂರದ ತುದಿಯಲ್ಲಿ ಶಾರ್ಟ್ ಆದಾಗ ಹರಿಯುವುದು 115 ಆಂಪಿಯರ್ ಮಾತ್ರ. 16 ಆಂಪಿಯರಿನ ಬಿ ಅದನ್ನು ತಕ್ಷಣ ಹಿಡಿಯುತ್ತದೆ. ಡಿ ಕೆರಳಬೇಕಾದರೆ ಕನಿಷ್ಠ 160 ಬೇಕು; ಅಲ್ಲಿಯವರೆಗೆ ಕೆಲಸ ಮತ್ತೆ ನಿಧಾನಿ ಪಟ್ಟಿಯ ಪಾಲು, ಇತ್ತ ಶಾರ್ಟ್ ಆದ ಜಾಗ ಕಿಡಿ ಉಗುಳುತ್ತಲೇ ಇರುತ್ತದೆ.

ಬಿಚ್ಚಿದ ಡಬ್ಬಿಯಲ್ಲಿ ಹೆಚ್ಚು ಜಾಗ ತಿಂದದ್ದು ಪಟ್ಟಿಯೂ ಅಲ್ಲ, ಸುರುಳಿಯೂ ಅಲ್ಲ. ಪುಸ್ತಕದ ಹಾಳೆಗಳಂತೆ ಜೋಡಿಸಿಟ್ಟ ತೆಳು ಉಕ್ಕಿನ ತಗಡುಗಳು. ಎಣಿಸಿದೆ, 12. ಇವು ಯಾಕೆ? ಸಂಪರ್ಕ ಬಿಡಿಸಿದ ಮಾತ್ರಕ್ಕೆ ಕರೆಂಟು ನಿಲ್ಲುವುದಿಲ್ಲ. ಬೇರೆಯಾಗುತ್ತಿರುವ ಎರಡು ಲೋಹಗಳ ನಡುವೆ ಗಾಳಿಯೇ ಕಾದು, ಸಾವಿರಾರು ಡಿಗ್ರಿಯ ಹೊಳೆಯುವ ಕಿಡಿಯಾಗಿ, ಕರೆಂಟಿಗೆ ಸೇತುವೆ ಹಾಕಿಕೊಡುತ್ತದೆ. ಈ ಕಿಡಿ ತನ್ನದೇ ಕಾಂತಬಲದಿಂದ ದೂಡಿಸಿಕೊಂಡು ತಗಡುಗಳ ನಡುವೆ ನುಗ್ಗುತ್ತದೆ, ಉಕ್ಕೂ ಅದನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಒಂದು ಉದ್ದ ಕಿಡಿ 13 ತುಂಡು ಕಿಡಿಗಳಾಗಿ ಒಡೆಯುತ್ತದೆ. ಎಷ್ಟೇ ಗಿಡ್ಡವಾದರೂ ಪ್ರತಿ ಕಿಡಿ ಬದುಕಿರಲು ಸುಮಾರು 20 ವೋಲ್ಟಿಗೂ ಹೆಚ್ಚು ಬೇಕು. ಹದಿಮೂರಕ್ಕೂ ಉಣಿಸುವಷ್ಟು ವೋಲ್ಟೇಜು ಲೈನಿನಲ್ಲಿ ಉಳಿಯುವುದಿಲ್ಲ, ಕಿಡಿ ಸಾಯುತ್ತದೆ. ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ ತಾನಾಗಿಯೇ ಸೊನ್ನೆಗಿಳಿಯುವುದೂ ಇದಕ್ಕೆ ಅನುಕೂಲ. ಒಂದೇ ದಿಕ್ಕಿಗೆ ಹರಿಯುವ ಡಿಸಿಯಲ್ಲಿ ಆ ಸೊನ್ನೆ ಇಲ್ಲ, ಆದ್ದರಿಂದ ಸೋಲಾರ್ ಫಲಕದ ಲೈನಿಗೆ ಎಸಿಯ ಎಂಸಿಬಿ ಹಾಕುವುದು ಬೆಂಕಿಯ ಜೊತೆ ಸರಸ.

ಕರಗಿ ಹೋಗುವ ಫ್ಯೂಸಿನ ಬದಲು, ಪಟ್ಟಿ ಮತ್ತು ಸುರುಳಿ ಎರಡನ್ನೂ ಒಂದೇ ಪುಟ್ಟ ಡಬ್ಬಿಗೆ ಸೇರಿಸಿ 1924ರಲ್ಲಿ ಪೇಟೆಂಟ್ ಪಡೆದದ್ದು ಜರ್ಮನಿಯ ಮ್ಯಾನ್‌ಹೈಮ್ ನಗರದ ಹ್ಯೂಗೊ ಸ್ಟೋಟ್ಸ್ ಅವರ ಕಂಪನಿ. ನೂರು ವರ್ಷವಾದರೂ ಮೂಲ ಉಪಾಯ ಬದಲಾಗಿಲ್ಲ.

ಬೀಳಬಾರದೆಂದು ಹಿಡಿಕೆಯನ್ನು ಬೆರಳಿಂದ ಒತ್ತಿ ಹಿಡಿಯುವವರನ್ನು, ಟೇಪು ಸುತ್ತುವವರನ್ನು ನೋಡಿದ್ದೇನೆ. ಪ್ರಯೋಜನವಿಲ್ಲ. ಹಿಡಿಕೆ ಮೇಲೆ ಇದ್ದಂತೆಯೇ ಒಳಗಿನ ಕೊಂಡಿ ಕಳಚಿ ಸಂಪರ್ಕ ತಪ್ಪುವ ಹಾಗೆ ಅದನ್ನು ಕಟ್ಟಿರುತ್ತಾರೆ. ಕೆಲವು ತಯಾರಿಕೆಗಳಲ್ಲಿ ಹಿಡಿಕೆ ಬಿದ್ದಾಗ ಪೂರ್ತಿ ಕೆಳಗೆ ಬರದೆ ನಡುವೆ ನಿಲ್ಲುತ್ತದೆ: ‘ನನ್ನನ್ನು ಯಾರೂ ಆರಿಸಿಲ್ಲ, ನಾನೇ ಬಿದ್ದೆ’ ಎಂಬ ಸನ್ನೆ ಅದು. ಅಂಥದ್ದನ್ನು ಮೊದಲು ಪೂರ್ತಿ ಕೆಳಕ್ಕೊತ್ತಿ ಆಮೇಲೆ ಎತ್ತಬೇಕು. ಬಯಲಲ್ಲಿ ಹಾದುಹೋಗುವ ದೊಡ್ಡ ಲೈನುಗಳ ಬ್ರೇಕರುಗಳಾದರೆ ಬಿದ್ದ ಮೇಲೆ ತಾವೇ ಒಂದೆರಡು ಸಲ ಎದ್ದು ನೋಡುತ್ತವೆ, ಏಕೆಂದರೆ ಅಲ್ಲಿನ ಬಹುಪಾಲು ದೋಷಗಳು ಸಿಡಿಲೋ ತಾಗಿದ ಕೊಂಬೆಯೋ ಆಗಿದ್ದು ತಾವಾಗಿ ಸರಿಹೋಗುತ್ತವೆ. ಗೋಡೆಯೊಳಗಿನ ದೋಷ ಹಾಗೆ ತಾನಾಗಿ ಮಾಯುವುದಿಲ್ಲ. ಮನೆಯ ಎಂಸಿಬಿ ಬಿದ್ದಲ್ಲೇ ಬಿದ್ದಿರುವುದು ಅದಕ್ಕೇ.

ಇಷ್ಟೆಲ್ಲ ಮಾಡಿದರೂ ಎಂಸಿಬಿ ಕಾಯುವುದು ತಂತಿಯನ್ನು, ನಮ್ಮನ್ನಲ್ಲ. ಶಾಕ್ ಹೊಡೆದಾಗ ಮೈಯಲ್ಲಿ ಹರಿಯುವುದು ಹೆಚ್ಚೆಂದರೆ ಕೆಲವು ನೂರು ಮಿಲಿಆಂಪಿಯರ್. ಪ್ರಾಣಕ್ಕೆ ಅಷ್ಟು ಧಾರಾಳ ಸಾಕು, 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, 10-16 ಮಿಲಿಆಂಪಿಯರಿನ ಸುಮಾರಿಗೆ ಕೈಯ ಸ್ನಾಯುಗಳು ಸೆಟೆದು ಹಿಡಿದ ತಂತಿಯನ್ನು ಬಿಡಲಾಗದೆಂದು ತೋರಿಸಿದ್ದರು.

ನಮ್ಮನ್ನು ಕಾಯುವ ಕೆಲಸಕ್ಕೆ ಇರುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು. ಅದರ ಉಪಾಯ ಸರಳ, ಜಾಣತನದ್ದು. ಫೇಸು, ನ್ಯೂಟ್ರಲ್ ಎರಡನ್ನೂ ಒಂದೇ ಉಂಗುರದೊಳಗೆ ತೂರಿಸಿರುತ್ತಾರೆ. ಹೋದ ಕರೆಂಟು ಅಷ್ಟೂ ಹಿಂದಿರುಗಿದರೆ ಎರಡರ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ಸ್ವಲ್ಪ ಕರೆಂಟು ನಮ್ಮ ಮೈಯ ಮೂಲಕವೋ ಅರ್ತ್ ಮೂಲಕವೋ ಬೇರೆ ದಾರಿ ಹಿಡಿದರೆ ಲೆಕ್ಕ ತಪ್ಪುತ್ತದೆ, ಹಿಡಿಕೆ ಬೀಳುತ್ತದೆ. 30 ಮಿಲಿಆಂಪಿಯರಿಗೆ ಬೀಳಲೇಬೇಕು, 15ರವರೆಗೆ ಬೀಳಕೂಡದು. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದಕ್ಕೂ ಗೊತ್ತಾಗದು. ಹೋದದ್ದೆಲ್ಲ ವಾಪಸು ಬಂತಲ್ಲ!

ಆರ್‌ಸಿಸಿಬಿಯ ಸನ್ನೆ ಕೆಲವೊಮ್ಮೆ ಒಗಟಿನಂತಿರುತ್ತದೆ. ಅನುಮಾನದ ಲೈನಿನ ಎಂಸಿಬಿ ಆರಿಸಿದರೂ ಆರ್‌ಸಿಸಿಬಿಯ ಹಿಡಿಕೆ ಮೇಲೆ ನಿಲ್ಲದಿರಬಹುದು. ಒಂಟಿ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಆ ಲೈನಿನ ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿದ್ದರೆ, ಬೇರೆ ಕೋಣೆಯ ಹೀಟರಿನಿಂದ ಹಿಂದಿರುಗುವ ಕರೆಂಟಿನಲ್ಲಿ ಒಂದು ಪಾಲು ಅಲ್ಲಿ ಸೋರಿ ಹೋಗುತ್ತದೆ. ತಪ್ಪು ಒಂದು ಕೋಣೆಯದು, ಬೀಳುವುದು ಇನ್ನೊಂದು ಕೋಣೆಯ ಸ್ವಿಚ್ಚು ಹಾಕಿದಾಗ.

ನಮ್ಮ ಗೀಸರಿನ ವಿಷಯ ಅರ್ಧಕ್ಕೇ ನಿಂತಿತ್ತು. 2000 ವಾಟ್, ಅಂದರೆ 8.7 ಆಂಪಿಯರ್, ಎಂಸಿಬಿ 16ರದ್ದು. ಹದಿನೈದಿಪ್ಪತ್ತು ನಿಮಿಷಕ್ಕೆ ಬೀಳುತ್ತದೆಂದರೆ ಮಾತಾಡುತ್ತಿರುವುದು ಪಟ್ಟಿ. ಆದರೆ ಕರೆಂಟು 16ರ ಅರ್ಧಕ್ಕಿಂತ ತುಸುವೇ ಹೆಚ್ಚಿರುವಾಗ ಪಟ್ಟಿಗೆ ಬಿಸಿ ಎಲ್ಲಿಂದ? ಮೇಜಿನ ಮೇಲಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದ ಎಲೆಕ್ಟ್ರಿಷಿಯನ್, ‘ಇಲ್ಲಿ ನೋಡಿ ಸಾರ್’ ಎಂದು ಕೆಳಗಿನ ಸ್ಕ್ರೂ ತೋರಿಸಿದರು. ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದಿತ್ತು. ತಂತಿ ಸಡಿಲ. ಅಂಥ ಸಂದಿಯಲ್ಲಿ ಹತ್ತನೇ ಒಂದು ಓಮ್ ಪ್ರತಿರೋಧ ಇದ್ದರೂ 8.7 ಆಂಪಿಯರಿಗೆ ಏಳೂವರೆ ವಾಟ್ ಬಿಸಿ, ಅದೂ ಬೆರಳ ತುದಿಯಷ್ಟು ಜಾಗದಲ್ಲಿ, ಪಟ್ಟಿಯ ಮಗ್ಗುಲಲ್ಲೇ. ನಾನು ಹೊಸ ಎಂಸಿಬಿಗೂ ಅದೇ ಸುಟ್ಟ ತುದಿಯನ್ನೇ ತೂರಿಸಿದ್ದೆ.

ಆಮೇಲೆ ಯೋಚಿಸಿದಾಗ ತುಸು ಭಯವಾಯಿತು. ಸಡಿಲ ಸಂದಿಯಲ್ಲಿ ಕರೆಂಟು ಹೆಚ್ಚುವುದಿಲ್ಲ, ಸೋರುವುದೂ ಇಲ್ಲ. ಎಂಸಿಬಿ, ಆರ್‌ಸಿಸಿಬಿ ಎರಡರ ಕಣ್ಣಿಗೂ ಅದು ಬೀಳದು. ಅದರ ಕಿಡಿಯ ಸದ್ದನ್ನು ಕರೆಂಟಿನ ಅಲೆಯಲ್ಲೇ ಗುರುತಿಸುವ ಇನ್ನೊಂದು ಬಗೆಯ ಬ್ರೇಕರುಗಳು ಬಂದಿವೆ, ನಮ್ಮ ಬೋರ್ಡಿನಲ್ಲಿ ಅದಿಲ್ಲ. ಅದೇ ಸಡಿಲ ಗೀಸರಿನ ಸಾಕೆಟ್ಟಿನಲ್ಲಿ ಇದ್ದಿದ್ದರೆ ಹಿಡಿಕೆ ಕೊನೆಯವರೆಗೂ ಮೇಲೆಯೇ ಇರುತ್ತಿತ್ತು. ಪಟ್ಟಿಯ ಪಕ್ಕದಲ್ಲೇ ಸಡಿಲವಾದದ್ದು ನಮ್ಮ ಪುಣ್ಯ.

ಎಲೆಕ್ಟ್ರಿಷಿಯನ್ ಕಪ್ಪಾದ ತುದಿಯನ್ನು ಒಂದಂಗುಲ ಕತ್ತರಿಸಿ, ಹೊಳೆಯುವ ತಾಮ್ರ ಬಿಡಿಸಿ, ಸ್ಕ್ರೂ ಬಿಗಿದರು. ಅವತ್ತಿನಿಂದ ಬಿದ್ದಿಲ್ಲ. ಹಳೆಯ ಎಂಸಿಬಿಯ ಕೆಲಸದಲ್ಲಿ ತಪ್ಪೇನೂ ಇರಲಿಲ್ಲವಂತೆ. ಅಷ್ಟರಲ್ಲಿ ನಾನದರ ರಿವೆಟ್ಟು ಕೊರೆದಾಗಿತ್ತು.