ಬೆಂಡು ಗಾಳದ ಮೊದಲ ಪಾಠಗಳು: ಆಳ, ತೂಕ, ನೋಟ

ಗಾಳ ಹಿಡಿದ ಹೊಸದರಲ್ಲಿ ಎಲ್ಲರ ಕಣ್ಣೂ ಒಂದೇ ಕಡೆ ಇರುತ್ತದೆ. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟ ಬೆಂಡು ಯಾವಾಗ ಮುಳುಗುತ್ತದೆ? ಮುಳುಗಿದ ಕೂಡಲೇ ಜೋರಾಗಿ ಜಗ್ಗುವುದು, ಖಾಲಿ ಗಾಳ ಹಾರಿ ಹಿಂದಿನ ಜಾಲಿ ಮರಕ್ಕೆ ಸಿಕ್ಕಿಕೊಳ್ಳುವುದು. ಆಮೇಲೆ ಎರೆ ಬದಲಾಯಿಸುತ್ತೇವೆ, ಜಾಗ ಬದಲಾಯಿಸುತ್ತೇವೆ, ಗಾಳವನ್ನೂ ಬದಲಾಯಿಸುತ್ತೇವೆ. ಆದರೆ ತೊಂದರೆ ಹೆಚ್ಚಾಗಿ ಇರುವುದು ಬೇರೆ ಕಡೆ. ನೀರಿನ ಆಳ ಅಳೆದಿರುವುದಿಲ್ಲ. ಬೆಂಡಿಗೆ ಸರಿಯಾದ ತೂಕ ಕಟ್ಟಿರುವುದಿಲ್ಲ. ಈ ಎರಡು ಅಭ್ಯಾಸ ಕೂಡಿ ಬಂದರೆ ಉಳಿದದ್ದನ್ನು ಕೆರೆಯೇ ಕಲಿಸುತ್ತದೆ ಅನ್ನುವುದು ನನ್ನ ನಂಬಿಕೆ. ಅದಕ್ಕೇ ಈ ಟಿಪ್ಪಣಿಯ ಹೆಚ್ಚಿನ ಭಾಗ ಅವೆರಡರ ಮೇಲೆಯೇ ಇದೆ.

ಇಲ್ಲಿ ಹೇಳುವುದೆಲ್ಲ ನಮ್ಮ ಬಯಲುಸೀಮೆಯ ಕೆರೆಗಳಂಥ ನಿಂತ ನೀರಿಗೆ. ಹೊಳೆಯ ಮಾತು ಕೊನೆಯಲ್ಲಿ ಸ್ವಲ್ಪ ಬರುತ್ತದೆ.

ಹೋಗುವ ಮುಂಚೆ

ಮೊದಲು ಕೇಳಿಕೊಂಡು ಹೋಗಿ. ನಮ್ಮ ಬಹಳಷ್ಟು ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರರೋ ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ಸುಮ್ನೆ ಒಂದು ಕೋಲು ತಾನೇ ಅಂತ ಕೂತುಬಿಡುವುದು ಸರಿಯಲ್ಲ. ಕೇಳಿದರೆ ಎಷ್ಟೋ ಜನ ಕೂರಲು ಬಿಡುತ್ತಾರೆ, ಮೀನು ಎಲ್ಲಿ ಮೇಯುತ್ತದೆ ಅಂತಲೂ ಹೇಳುತ್ತಾರೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದ ಒಳಗಿನ ನೀರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಲ್ಲಿ ಗಾಳ ಹಾಕುವ ಮಾತೇ ಬೇಡ. ಶೃಂಗೇರಿ, ಶಿಶಿಲದಂಥ ಕಡೆ ದೇವರ ಮೀನುಗಳಿವೆ. ಅವನ್ನು ನೋಡಿ ಬರಬೇಕು ಅಷ್ಟೇ.

ಕೂರುವ ಜಾಗವನ್ನೂ ನೋಡಿಕೊಳ್ಳಿ. ತಲೆ ಮೇಲೆ ವಿದ್ಯುತ್ ತಂತಿ ಇರಬಾರದು. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆ ಬಿದಿರಿನಲ್ಲೂ ಹರಿಯಬಹುದು. ಕೋಡಿಯ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಹೂಳು ತೆಗೆದ ಕೆರೆಗಳಲ್ಲಿ ಇನ್ನೊಂದು ಅಪಾಯ ಇದೆ. ಜೆಸಿಬಿ ತೋಡಿದ ಗುಂಡಿಗಳಿಂದಾಗಿ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದ ಆಗಿಬಿಡುತ್ತದೆ. ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗೆ ಇಳಿಯಬೇಡಿ. ದಾರ ಕತ್ತರಿಸಿ, ಅಲ್ಲಿಗೆ ಬಿಡಿ. ಆದರೆ ಕೈಗೆ ಬಂದ ತುಂಡನ್ನು ದಂಡೆಯಲ್ಲಿ ಎಸೆಯದೆ ಮನೆಗೆ ತನ್ನಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ ದಾರ.

ಆಳ ಅಳೆಯುವುದು

ಕೆರೆಗೆ ಮರಿ ಬಿಡುವವರು ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಸೇರಿಸಿ ಬಿಡುತ್ತಾರೆ. ಕಾರಣ ಸರಳ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದು ಕಡಿಮೆ. ಬಾಯಿ ನೋಡಿದರೆ ಗೊತ್ತಾಗುತ್ತದೆ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆಯುತ್ತದೆ, ಮೃಗಾಲಿನದು ಕೆಳಕ್ಕೆ. ಸಾಮಾನ್ಯ ಗೆಂಡೆಯೂ ತಳ ಕೆದಕುವ ಮೀನೇ. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ದಂಡೆಯ ಹತ್ತಿರದ ತೆಳು ನೀರಿನಲ್ಲೇ ಜಾಸ್ತಿ ಓಡಾಡುತ್ತದೆ.

ಹೀಗಾಗಿ ಎರೆ ಎಷ್ಟು ಆಳದಲ್ಲಿದೆ ಅನ್ನುವುದು ಯಾವ ಮೀನಿಗೆ ಗಾಳ ಹಾಕಿದ್ದೀರಿ ಅನ್ನುವುದಕ್ಕೆ ಸಮ. ತಳದ ಮೀನಿಗೆ ಎರಡು ಅಡಿ ಮೇಲೆ ಎರೆ ತೂಗುಬಿಟ್ಟು ಇಡೀ ಬೆಳಿಗ್ಗೆ ಕಾದರೆ ಮೀನಿನ ತಪ್ಪೇನೂ ಇಲ್ಲ, ಅಲ್ವಾ?

ಅಳೆಯುವ ಕ್ರಮ ಹೀಗೆ. ಗಾಳದ ಮುಳ್ಳಿಗೆ ಬೆಂಡನ್ನು ಮುಳುಗಿಸುವಷ್ಟು ಭಾರದ ಒಂದು ತೂಕ ಸಿಕ್ಕಿಸಿ. ಎರೆ ಬೀಳಬೇಕಾದ ಜಾಗಕ್ಕೇ ಹಾಕಿ. ಬೆಂಡು ಪೂರ್ತಿ ಮುಳುಗಿಹೋದರೆ ನೀರು ನೀವಂದುಕೊಂಡದ್ದಕ್ಕಿಂತ ಆಳ. ಬೆಂಡನ್ನು ದಾರದಲ್ಲಿ ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿದರೆ ಅಥವಾ ತುಂಬಾ ಮೇಲೆ ನಿಂತರೆ ದಾರ ಹೆಚ್ಚಾಗಿದೆ, ಕೆಳಕ್ಕೆ ಸರಿಸಿ. ತುದಿ ಮಾತ್ರ ನೀರಿನ ಮಟ್ಟಕ್ಕೆ ಬಂದು ನಿಂತಾಗ ಬೆಂಡಿನಿಂದ ಗಾಳದವರೆಗಿನ ದಾರವೇ ಅಲ್ಲಿನ ಆಳ. ಗಾಳವನ್ನು ಕೋಲಿನ ಬುಡಕ್ಕೆ ಹಿಡಿದು, ಬೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಕೋಲಿನ ಮೇಲೆ ಒಂದು ಗುರುತು ಮಾಡಿ. ದಾರ ತುಂಡಾಗಿ ಹೊಸದಾಗಿ ಕಟ್ಟಬೇಕಾದಾಗ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ.

ಒಂದೇ ಸಲ ಅಳೆದು ನಿಲ್ಲಿಸಬೇಡಿ. ಎಡಕ್ಕೊಂದು ಮಾರು, ಬಲಕ್ಕೊಂದು ಮಾರು, ಸ್ವಲ್ಪ ಆಚೆ, ಸ್ವಲ್ಪ ಈಚೆ ಹಾಕಿ ನೋಡಿ. ತಳ ಇಳಿಜಾರಾಗಿದೆಯಾ, ಮೆಟ್ಟಿಲಿನ ಹಾಗೆ ಕುಸಿದಿದೆಯಾ, ಹಳೆ ಜಾಲಿ ಬೊಡ್ಡೆ ಇದೆಯಾ, ಎಲ್ಲ ತಿಳಿಯುತ್ತದೆ. ತೆಳು ನೀರು ಒಮ್ಮೆಲೇ ಆಳಕ್ಕೆ ಇಳಿಯುವ ಅಂಚು ಸಿಕ್ಕಿದರೆ ಅದರ ಬುಡದಲ್ಲೇ ಎರೆ ಇಡಿ. ಮೀನು ಅಂಥ ಅಂಚನ್ನು ಹಿಡಿದೇ ಓಡಾಡುತ್ತದೆ. ಹತ್ತು ನಿಮಿಷದ ಕೆಲಸ. ಹೊಸಬರು ಇದನ್ನೇ ಬಿಟ್ಟುಬಿಡುವುದು ನನಗೆ ನಿಜವಾಗಿ ಬೇಜಾರು ತರುತ್ತದೆ, ಯಾಕೆಂದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಅಭ್ಯಾಸ ಇನ್ನೊಂದಿಲ್ಲ.

ಬೆಂಡಿಗೆ ತೂಕ ಕಟ್ಟುವುದು

ಬೆಂಡು ಒಂದು ತಕ್ಕಡಿ. ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ, ನೀವು ಕಟ್ಟಿದ ಗುಂಡು ಕೆಳಕ್ಕೆ ಎಳೆಯುತ್ತದೆ. ನೀರಿನ ಮೇಲೆ ಕಾಣುವ ಭಾಗ ಎಷ್ಟಿದೆಯೋ, ಅಷ್ಟನ್ನು ಮುಳುಗಿಸುವ ಬಲವನ್ನು ಮೀನು ಹಾಕಬೇಕು. ದಪ್ಪ ಥರ್ಮೋಕೋಲ್ ತುಂಡು ಅರ್ಧ ಮೇಲೆ ತೇಲುತ್ತಿದ್ದರೆ, ಎರೆ ಬಾಯಿಗೆ ಹಾಕಿಕೊಂಡ ಮೀನಿಗೆ ತಕ್ಷಣ ಎಳೆತ ಗೊತ್ತಾಗುತ್ತದೆ. ಉಗಿದುಬಿಡುತ್ತದೆ. ಮೇಲೆ ಕೂತ ನಮಗೆ ಕಾಣುವುದು ಬರೀ ಒಂದು ಸಣ್ಣ ಅಲುಗಾಟ. ತೆಳ್ಳನೆಯ ಬೆಂಡಿಗೆ ಸರಿಯಾಗಿ ತೂಕ ಕಟ್ಟಿ, ತುದಿ ಮಾತ್ರ ಕಾಣುವಂತೆ ಮಾಡಿದರೆ ಅದೇ ಮೀನು ಬೆಂಡನ್ನು ಆರಾಮವಾಗಿ ಎಳೆದುಕೊಂಡು ಹೋಗುತ್ತದೆ.

ನಮ್ಮಲ್ಲಿ ಹಿಂದಿನಿಂದ ನವಿಲುಗರಿಯ ದಂಟು, ಜೋಳದ ದಂಟಿನ ಒಳಗಿನ ಬೆಂಡು ಇವನ್ನು ಬಳಸಿದ್ದಾರೆ. ಉದುರಿದ ಗರಿಯ ದಂಟು ಸಿಕ್ಕರೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಬೇಡ. ಹಗುರ, ತೆಳು, ನೆಟ್ಟಗೆ ನಿಲ್ಲುತ್ತದೆ. ಎರಡು ರಬ್ಬರ್ ತುಂಡಿನಿಂದ ದಾರಕ್ಕೆ ಕೂರಿಸಿದರೆ ಮೇಲೆ ಕೆಳಗೆ ಸರಿಸುವುದೂ ಸುಲಭ. ಅಂಗಡಿಯ ಬೆಂಡಾದರೆ ಕೆಲವುದರ ಮೇಲೆ ಎಷ್ಟು ತೂಕ ಹೊರುತ್ತದೆ ಅಂತ ಬರೆದಿರುತ್ತದೆ. ಅದು ಹೆಚ್ಚಾಗಿ ಇಂಗ್ಲೆಂಡಿನ ಅಳತೆ: ಎಎಎ ಅಂದರೆ ಸುಮಾರು 0.8 ಗ್ರಾಂ, ಬಿಬಿ ಅಂದರೆ 0.4, ನಂಬರ್ 4 ಅಂದರೆ ಸುಮಾರು 0.2, ನಂಬರ್ 8 ಅಂದರೆ 0.06.

ಒಂದು ಲೆಕ್ಕ ಮಾಡೋಣ. ಬೆಂಡಿನ ಮೇಲೆ 4 ಬಿಬಿ ಅಂತ ಇದೆ. ಅಂದರೆ ಒಟ್ಟು 1.6 ಗ್ರಾಂ. ಇದರಲ್ಲಿ ಮೂರು ಬಿಬಿ, ಅಂದರೆ 1.2 ಗ್ರಾಂ, ಬೆಂಡಿನ ಬುಡದ ಎರಡು ಬದಿಗೆ ಹಾಕಿ. ಎಸೆದಾಗ ಬೆಂಡು ಮುಂದೆ ಹಾರುತ್ತದೆ, ಗಾಳ ಅದಕ್ಕೆ ಸುತ್ತಿಕೊಳ್ಳುವುದು ಕಡಿಮೆ. ಉಳಿದ 0.4 ಗ್ರಾಮನ್ನು ಎರಡು ನಂಬರ್ 4 ಗುಂಡುಗಳಾಗಿ ಮಾಡಿ, ಒಂದನ್ನು ದಾರದ ನಡುವೆ, ಇನ್ನೊಂದನ್ನು ಗಾಳದಿಂದ ಒಂದು ಗೇಣು ಮೇಲೆ ಕೂರಿಸಿ. ಈ ಕೆಳಗಿನ ಎರಡು ಸಣ್ಣ ಗುಂಡೇ ಸುದ್ದಿ ತರುವುದು. ಎರೆ ಇಳಿಯುವಾಗ ಬೆಂಡು ಮೆಟ್ಟಿಲು ಮೆಟ್ಟಿಲಾಗಿ ಕೂರುತ್ತದೆ: ಮೊದಲು ನಡುವಿನ ಗುಂಡು, ಆಮೇಲೆ ಕೆಳಗಿನದು. ಈ ಹೊತ್ತನ್ನು ಮನಸ್ಸಿನಲ್ಲೇ ಎಣಿಸುವ ಅಭ್ಯಾಸ ಮಾಡಿ. ಯಾವತ್ತಾದರೂ ಬೆಂಡು ಕೂರಬೇಕಾದ ಹೊತ್ತಿಗೆ ಕೂರಲಿಲ್ಲ ಅಂದರೆ ನಡುನೀರಿನಲ್ಲೇ ಯಾರೋ ಎರೆ ಹಿಡಿದುಕೊಂಡಿದ್ದಾರೆ. ರೋಹು ಹೀಗೆ ಸಿಗುವುದುಂಟು.

ಗುಂಡಿನ ಬಗ್ಗೆ ಒಂದು ಮಾತು. ಸೀಸದ ಗುಂಡು ಬೇಡ. ನೀರುಹಕ್ಕಿಗಳು ಆಹಾರ ಅರೆಯಲು ಸಣ್ಣ ಕಲ್ಲು ನುಂಗುತ್ತವೆ, ಅದರ ಜೊತೆ ಉದುರಿದ ಸೀಸವನ್ನೂ ನುಂಗಿ ವಿಷವೇರಿ ಸಾಯುತ್ತವೆ. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸತ್ತದ್ದರಿಂದ 1987ರಿಂದ 0.06 ಗ್ರಾಮಿನಿಂದ 28.35 ಗ್ರಾಮಿನವರೆಗಿನ ಸೀಸದ ತೂಕಗಳನ್ನು ನಿಷೇಧಿಸಿದರು. ನಮ್ಮ ಕೆರೆಯ ಬಾತುಗಳ ಹೊಟ್ಟೆಯೂ ಬೇರೆಯಲ್ಲ. ತವರದ ಗುಂಡು ಸಿಗುತ್ತದೆ, ದಾರಕ್ಕೆ ಒತ್ತಿ ಅಂಟಿಸುವ ಟಂಗ್‌ಸ್ಟನ್ ಪುಟ್ಟಿಯೂ ಸಿಗುತ್ತದೆ.

ಎರೆ ಮತ್ತು ಮೇವು

ಗಾಳದ ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು. ಜಿಲೇಬಿಗೆ 12 ಅಥವಾ 14, ಎರೆಹುಳುವಿನ ತುಂಡು. ರೋಹು, ಗೆಂಡೆಗೆ 8 ಅಥವಾ 10, ಹಿಟ್ಟಿನ ಉಂಡೆ. ಕಾವೇರಿಯಲ್ಲಿ ಹಿಂದೆ ದೊಡ್ಡ ದೊಡ್ಡ ಮಹಶೀರ್ ಮೀನಿಗೆ ಹಾಕುತ್ತಿದ್ದದ್ದು ಬೇಯಿಸಿದ ರಾಗಿ ಮುದ್ದೆಯನ್ನೇ. ಬೆಂದ ರಾಗಿ ಗಾಳದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಕೆರೆಯಲ್ಲೂ ಕೆಲಸ ಮಾಡುತ್ತದೆ. ಆದರೆ ಮುಳ್ಳಿನ ತುದಿ ಸುಲಭವಾಗಿ ಹೊರಬರುವಷ್ಟು ಹಿಟ್ಟು ಮೆತ್ತಗಿರಲಿ.

ಮೀನನ್ನು ಒಂದು ಕಡೆ ಸೇರಿಸಲು ನೀರಿಗೆ ಹಾಕುವ ಮೇವಿಗೆ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮ ಸಮ ಸಾಕು. ಮೀನು ಸಾಕುವವರು ಕೊಳಕ್ಕೆ ಹಾಕುವ ಮಾಮೂಲಿ ಮೇವೇ ಅದು. ಮೊದಲಿಗೆ ನಿಂಬೆಹಣ್ಣಿನ ಗಾತ್ರದ ಎರಡು ಮೂರು ಉಂಡೆ. ಆಮೇಲೆ ಪ್ರತಿ ಸಲ ಗಾಳ ಹಾಕಿದಾಗ ಒಂದು ಚಿಟಿಕೆ. ಅದೇ ಜಾಗಕ್ಕೆ. ಒಂದೇ ಸಲ ಬುಟ್ಟಿಗಟ್ಟಲೆ ಸುರಿದರೆ ಮೀನು ಹೊಟ್ಟೆ ತುಂಬಿಸಿಕೊಂಡು ಹೋಗುತ್ತದೆ, ಉಳಿದದ್ದು ತಳದಲ್ಲಿ ಕೊಳೆಯುತ್ತದೆ.

ಗಾಳಿ ಬಂದರೆ

ಆಷಾಢದ ಗಾಳಿಗೆ ಬೆಂಡು ನಿಲ್ಲುವುದಿಲ್ಲ ಅನ್ನುವುದು ಎಲ್ಲರ ದೂರು. ಗಾಳಿ ಎಳೆಯುವುದು ಬೆಂಡಿಗಿಂತ ಹೆಚ್ಚಾಗಿ ನೀರಿನ ಮೇಲೆ ತೇಲುವ ದಾರವನ್ನು. ರೀಲ್ ಇದ್ದರೆ, ಮೇವಿನ ಜಾಗಕ್ಕಿಂತ ಎರಡು ಮಾರು ಆಚೆಗೆ ಎಸೆಯಿರಿ. ರಾಡಿನ ತುದಿಯನ್ನು ನೀರಿನೊಳಗೆ ಅದ್ದಿ, ಬೇಗ ಬೇಗ ರೀಲ್ ಸುತ್ತಿ ಬೆಂಡನ್ನು ಜಾಗಕ್ಕೆ ತನ್ನಿ. ದಾರ ಮುಳುಗುತ್ತದೆ. ಮುಳುಗದಿದ್ದರೆ ಅದಕ್ಕೆ ಜಿಡ್ಡು ಹತ್ತಿರುತ್ತದೆ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ಬಟ್ಟೆಯಲ್ಲಿ ಮನೆಯಲ್ಲೇ ಒರೆಸಿಟ್ಟುಕೊಳ್ಳಿ. ಇದಕ್ಕೆ ಬುಡದಲ್ಲಿ ಮಾತ್ರ ದಾರ ಕಟ್ಟುವ ಬೆಂಡೇ ಬೇಕು.

ಇನ್ನೊಂದು ಸಂಗತಿ. ಗಾಳಿ ಮೇಲಿನ ನೀರನ್ನು ಒಂದು ದಡಕ್ಕೆ ತಳ್ಳಿದಾಗ ತಳದ ನೀರು ತಿರುಗಿ ಹಿಂದಕ್ಕೆ ಹರಿಯುತ್ತದೆ. ಮೇಲೆ ಬೆಂಡು ಒಂದು ಕಡೆ, ಕೆಳಗೆ ಎರೆ ಇನ್ನೊಂದು ಕಡೆ. ಆಗ ಅಳೆದ ಆಳದ ಮೇಲೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ದಾರ ಬಿಟ್ಟು, ಕೆಳಗಿನ ಸಣ್ಣ ಗುಂಡು ತಳಕ್ಕೆ ತಾಗುವಂತೆ ಮಾಡಿ. ಎರೆ ನಿಲ್ಲುತ್ತದೆ. ಗಾಳಿ ಬಡಿಯುವ ದಡದಲ್ಲೇ ಮೀನಿನ ತಿಂಡಿಯೂ ಸೇರುತ್ತದೆ, ಆದ್ದರಿಂದ ಮುಖಕ್ಕೆ ಗಾಳಿ ಹೊಡೆದರೂ ಅಲ್ಲೇ ಕೂರುವುದು ಒಳ್ಳೆಯದು.

ನೋಡುವುದು, ಎತ್ತುವುದು

ಬೆಂಡು ಮುಳುಗುವುದಷ್ಟೇ ಕಚ್ಚುವುದಲ್ಲ. ಗಾಳಕ್ಕೆ ಎರಡು ಮೂರು ಬೆರಳು ಹತ್ತಿರ ಗುಂಡಿಟ್ಟು ತಳದಲ್ಲಿ ಮಲಗಿಸಿದ್ದರೆ, ತಳದ ಮೀನು ಎರೆ ತೆಗೆದುಕೊಂಡು ತಲೆ ಎತ್ತಿದಾಗ ಗುಂಡಿನ ಭಾರ ಇಲ್ಲವಾಗಿ ಬೆಂಡು ಮೇಲಕ್ಕೆ ಏಳುತ್ತದೆ. ಎದ್ದದ್ದೂ ಕಚ್ಚಿದ ಹಾಗೆಯೇ. ಜಿಲೇಬಿ ಟಕಟಕ ಅಂತ ಕುಟುಕಿ ಪಕ್ಕಕ್ಕೆ ಎಳೆಯುತ್ತದೆ, ಪಕ್ಕಕ್ಕೆ ಜಾರಿದಾಗಲೇ ಎತ್ತಿ. ಗೆಂಡೆ ಬಂದರೆ ಮೊದಲು ನೀರಿನಲ್ಲಿ ಗುಳ್ಳೆ ಏಳುತ್ತವೆ, ಬೆಂಡು ಸುಮಾರು ಹೊತ್ತು ನಡುಗುತ್ತದೆ, ಆಮೇಲೆ ನಿಧಾನವಾಗಿ ಒಂದೇ ಕಡೆ ಸಾಗುತ್ತದೆ. ಒಮ್ಮೆ ಅದ್ದಿ ತಕ್ಷಣ ಎದ್ದರೆ ಅದು ದಾರಕ್ಕೆ ಮೀನಿನ ಮೈ ತಾಗಿದ್ದಿರಬಹುದು, ಕೈ ತಡೆಯಿರಿ. ಭಾರವಾಗಿ, ಒಂದೇ ವೇಗದಲ್ಲಿ ಎಳೆದುಕೊಂಡು ಹೋಗುವುದು ಹೆಚ್ಚಾಗಿ ಏಡಿ ಅಥವಾ ಆಮೆ.

ಎತ್ತುವುದಕ್ಕೆ ಜೋರು ಬೇಡ. ಕೋಲಿನ ತುದಿ ನೀರಿನ ಹತ್ತಿರ ಇರಲಿ, ದಾರದಲ್ಲಿ ಸಡಿಲ ಇರಬಾರದು. ಪಕ್ಕಕ್ಕೆ ಒಂದು ಮೊಳ ಸರಕ್ಕನೆ ಎಳೆದರೆ ಸಾಕು. ಮೀನು ಸಿಕ್ಕ ಮೇಲೆ ಕೋಲು ಬಾಗಿಯೇ ಇರಲಿ, ಅದರ ಬಾಗೇ ದಾರವನ್ನು ಕಾಯುವುದು. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿಗಿಯನ್ನು, ದಾರ ತಡೆಯುವ ಭಾರದ ಮೂರರಲ್ಲಿ ಒಂದು ಪಾಲಿಗೆ ದಾರ ಬಿಡುವಂತೆ ಇಡಿ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಓಡಬೇಡಿ.

ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಯ ಲೋಳೆಯೇ ಅದಕ್ಕೆ ರೋಗ ತಡೆಯುವ ರಕ್ಷೆ, ಒಣ ಕೈ ಅದನ್ನು ಕಿತ್ತುಹಾಕುತ್ತದೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಬಿಡಿಸುವುದು ಕ್ಷಣದ ಕೆಲಸ. ಜಿಲೇಬಿಯ ಬೆನ್ನಿನ ಮುಳ್ಳು ಚುಚ್ಚುತ್ತದೆ, ತಲೆಯ ಕಡೆಯಿಂದ ಸವರಿ ಮುಳ್ಳು ಮಲಗಿಸಿ ಹಿಡಿಯಿರಿ. ಅದನ್ನು ಬೇರೆ ಕೆರೆಗೆ ಒಯ್ದು ಬಿಡಬೇಡಿ, ಅಲ್ಲಿನ ಮೀನಿನ ಜಾಗವನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ. ಕೊರಮೀನಿನ ಮರಿಗಳ ಕೆಂಪು ಗುಂಪು ನೀರಿನ ಮೇಲೆ ಕಂಡರೆ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಜಾಗ ಬಿಟ್ಟುಬಿಡಿ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಏರಿ ಬರುವ ಹತ್ತುಮೀನಿನ ಹೊಟ್ಟೆಯಲ್ಲೂ ಮೊಟ್ಟೆ ಇರುತ್ತದೆ, ಅದಕ್ಕೂ ಇದೇ ಮಾತು.

ಹೊಳೆಗೆ ಹೋಗುವಾಗ ಬೆಂಡನ್ನು ಬುಡದಲ್ಲಿ ಮಾತ್ರವಲ್ಲ, ತುದಿ ಬುಡ ಎರಡೂ ಕಡೆ ದಾರಕ್ಕೆ ಕೂರಿಸಬೇಕು. ದಾರ ನೀರಿನ ಮೇಲೆಯೇ ಇರಬೇಕು, ಕೆರೆಯಲ್ಲಿ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ತಳದ ನೀರು ಮೇಲಿನದಕ್ಕಿಂತ ನಿಧಾನವಾಗಿ ಹರಿಯುವುದರಿಂದ ಬೆಂಡನ್ನು ಆಗಾಗ ಸ್ವಲ್ಪ ತಡೆದು ಬಿಡಬೇಕು. ತಡೆದಾಗ ಎರೆ ಮುಂದೆ ಹೋಗಿ ಮೇಲಕ್ಕೆ ಏಳುತ್ತದೆ, ಮೀನು ಹಿಡಿಯುವುದು ಎಷ್ಟೋ ಸಲ ಆಗಲೇ.