ಗುರುಗ್ರಹದ ಬಿರುಗಾಳಿ ಏಕೆ ಅಡಗುವುದಿಲ್ಲ?

ಪ್ರಶ್ನೆ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಕಡಲ್ಕೊರೆತ ಉಂಟುಮಾಡಿ, ಕೆಲವೇ ದಿನಗಳಲ್ಲಿ ಗುಜರಾತಿನ ನೆಲ ಮುಟ್ಟಿ ಅಡಗಿತು. ಗುರುಗ್ರಹದ ಮಹಾ ಕೆಂಪು ಕಲೆಯೂ ಬಿರುಗಾಳಿಯೇ ಆಗಿದ್ದರೆ ಅದು ಇಷ್ಟು ಕಾಲ ಉಳಿದಿರುವುದು ಹೇಗೆ?
– ಓದುಗರೊಬ್ಬರು, ಉಪ್ಪಳ

ಉತ್ತರ: ಗುರುವಿನಲ್ಲಿ ಗಟ್ಟಿ ನೆಲವಿಲ್ಲ, ಆದ್ದರಿಂದ ಬಿರುಗಾಳಿಗೆ ತಡೆಯಿಲ್ಲ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಉತ್ತರವಷ್ಟೇ. ನೆಪ್ಚೂನಿನಲ್ಲಿಯೂ ಅಂತಹ ನೆಲವಿಲ್ಲ. ಆದರೂ 1989ರಲ್ಲಿ ವಾಯೇಜರ್ 2 ನೌಕೆ ಅಲ್ಲಿ ಕಂಡ ದೊಡ್ಡ ಕಪ್ಪು ಕಲೆ, 1994ರಲ್ಲಿ ಹಬಲ್ ದೂರದರ್ಶಕ ನೋಡುವ ಹೊತ್ತಿಗೆ ಮಾಯವಾಗಿತ್ತು.

ಮುಖ್ಯ ವ್ಯತ್ಯಾಸವಿರುವುದು ಬಿರುಗಾಳಿಯ ಜಾತಿಯಲ್ಲಿ. ತೌಕ್ತೆಯಂತಹ ಚಂಡಮಾರುತದ ನಡುವೆ ಇರುವುದು ವಾಯುಭಾರ ಕುಸಿತ. ಬೆಚ್ಚಗಿನ ಅರಬ್ಬಿ ಸಮುದ್ರದಿಂದ ಎದ್ದ ಆವಿಯು ಮೇಲೇರಿ ತಣಿದು ಹನಿಯಾಗುವಾಗ ಬಿಡುವ ಶಾಖವೇ ಅದಕ್ಕೆ ಬಲ, ಹಾಗಾಗಿ ಕಡಲು ದಾಟಿದೊಡನೆ ಅದು ಸೊರಗುತ್ತದೆ. ಕೆಂಪು ಕಲೆಯ ನಡುವೆ ಇರುವುದು ಇದಕ್ಕೆ ವಿರುದ್ಧವಾಗಿ ಅಧಿಕ ಒತ್ತಡ. ಗುರುವಿನ ದಕ್ಷಿಣಾರ್ಧದಲ್ಲಿರುವ ಈ ಸುಳಿಯ ಉತ್ತರದ ಅಂಚಿನಲ್ಲಿ ಪಶ್ಚಿಮಾಭಿಮುಖವಾಗಿ, ದಕ್ಷಿಣದ ಅಂಚಿನಲ್ಲಿ ಪೂರ್ವಾಭಿಮುಖವಾಗಿ ಎರಡು ಗಾಳಿಪಟ್ಟಿಗಳು ಹರಿಯುತ್ತವೆ. ಉಂಡೆ ಕಟ್ಟುವಾಗ ಎರಡು ಅಂಗೈಗಳು ಎದುರುಬದುರಾಗಿ ಸರಿದಂತೆ, ಅವು ನಡುವಿನ ಸುಳಿಯನ್ನು ಅಪ್ರದಕ್ಷಿಣವಾಗಿ ಉರುಳಿಸುತ್ತವೆ ಮತ್ತು ಉತ್ತರಕ್ಕೋ ದಕ್ಷಿಣಕ್ಕೋ ಜಾರದಂತೆ ಹಿಡಿದಿಡುತ್ತವೆ. ಅಂಚಿನಲ್ಲಿ ಗಾಳಿಯ ವೇಗ ಗಂಟೆಗೆ 400 ಕಿ.ಮೀ. ದಾಟುತ್ತದೆ. ಹತ್ತಿರ ಬಂದ ಸಣ್ಣ ಸುಳಿಗಳನ್ನು ಇದು ನುಂಗುವುದನ್ನೂ ಖಗೋಳಜ್ಞರು ಕಂಡಿದ್ದಾರೆ. ಜೂನೋ ನೌಕೆಯ ಅಳತೆಯ ಪ್ರಕಾರ ಇದರ ಬೇರು ಮೋಡಗಳ ಕೆಳಗೆ ಸುಮಾರು 300ರಿಂದ 500 ಕಿ.ಮೀ.ವರೆಗೆ ಇಳಿದಿದೆ, ನಮ್ಮ ಚಂಡಮಾರುತಗಳ ಎತ್ತರ 15 ಕಿ.ಮೀ. ಆಸುಪಾಸಿನದು.

ಇಲ್ಲಿ ಇನ್ನೊಂದು ವಿಚಿತ್ರವನ್ನು ಹೇಳದೆ ಬಿಡಲಾಗದು. ಭೂಮಿಯಲ್ಲಿ ತೇವದ ಗಾಳಿ ಒಣ ಗಾಳಿಗಿಂತ ಹಗುರ, ಆದ್ದರಿಂದ ಸುಲಭವಾಗಿ ಮೇಲೇರುತ್ತದೆ. ಗುರು, ಶನಿಗಳ ಗಾಳಿ ಬಹುಪಾಲು ಜಲಜನಕ ಮತ್ತು ಹೀಲಿಯಂ ಆಗಿರುವುದರಿಂದ ಅಲ್ಲಿ ನೀರಾವಿಯೇ ಭಾರ. ಶನಿಯಲ್ಲಿ ದಶಕಗಳ ಕಾಲ ಮೌನವಾಗಿದ್ದು, 1990 ಮತ್ತು 2010ರಲ್ಲಿ ಆದಂತೆ, ಒಮ್ಮೆಲೇ ಮಹಾ ಬಿರುಗಾಳಿ ಸಿಡಿಯುವುದಕ್ಕೆ, ತೇವದ ಗಾಳಿ ಮೇಲೇರದಂತೆ ಈ ಭಾರ ಬಹುಕಾಲ ತಡೆದಿಡುವುದೇ ಕಾರಣವೆಂಬ ವಿವರಣೆಯಿದೆ, ಮತ್ತು ಅದು ನನಗೆ ಒಪ್ಪಿಗೆಯಾಗುತ್ತದೆ.

ಕೆಂಪು ಕಲೆಯೂ ಶಾಶ್ವತವೆಂದು ಭಾವಿಸಬೇಕಾಗಿಲ್ಲ. 19ನೇ ಶತಮಾನದ ಕೊನೆಗೆ ಸುಮಾರು 40,000 ಕಿ.ಮೀ. ಉದ್ದವಿದ್ದದ್ದು 1979ರಲ್ಲಿ 23,000ಕ್ಕೆ ಇಳಿದಿತ್ತು, ಈಗ 16,000ದ ಆಸುಪಾಸಿನಲ್ಲಿದೆ. ಇದನ್ನು ನೋಡಲು ಬೈನಾಕ್ಯುಲರ್ ಸಾಲದು, ದೂರದರ್ಶಕವೇ ಬೇಕು. ಗುರು ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ, ಕಲೆ ನಮ್ಮ ಕಡೆ ಬರುವ ಹೊತ್ತನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.